ಮೂವತ್ತೆಂಟೂವರೆ ಮಾತ್ರೆ: ಒಂದು ಔಷಧ ಆರ್ಡರ್‌ನ ಪ್ರಕರಣ ಅಧ್ಯಯನ

2013ರ ಜುಲೈ. ಅಮೆರಿಕದ ಒಂದು ದೊಡ್ಡ ಬೋಧನಾ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ 16 ವರ್ಷದ ಹುಡುಗನೊಬ್ಬನಿಗೆ ರಾತ್ರಿ ಒಂದು ಮಾತ್ರೆ ಕೊಡಬೇಕಿತ್ತು. ಕೊಟ್ಟದ್ದು ಮೂವತ್ತೆಂಟೂವರೆ. ಆರ್ಡರ್ ಬರೆದ ವೈದ್ಯರು, ಅದನ್ನು ಪರಿಶೀಲಿಸಿದ ಫಾರ್ಮಸಿಸ್ಟ್, ಮಾತ್ರೆ ಕೊಟ್ಟ ನರ್ಸ್ ಮೂವರೂ ತರಬೇತಿ ಪಡೆದವರು, ಮನಸ್ಸಿಟ್ಟು ಕೆಲಸ ಮಾಡುವವರು. ಕಂಪ್ಯೂಟರ್ ಕೂಡ ಸುಮ್ಮನಿರಲಿಲ್ಲ. ಡೋಸ್ ಮಿತಿಮೀರಿದೆ ಎಂದು ವೈದ್ಯರಿಗೂ ಫಾರ್ಮಸಿಸ್ಟ್‌ಗೂ ಎಚ್ಚರಿಕೆ ತೋರಿಸಿತ್ತು.

ಆಸ್ಪತ್ರೆ ಇದನ್ನು ಮುಚ್ಚಿಡಲಿಲ್ಲ. ಇತರರು ಕಲಿಯಲೆಂದು ಕುಟುಂಬದ ಒಪ್ಪಿಗೆಯೊಂದಿಗೆ ಸಾರ್ವಜನಿಕ ಚರ್ಚೆಗೆ ಬಿಟ್ಟಿತು. ಅದಕ್ಕೆ ಧೈರ್ಯ ಬೇಕು, ಮತ್ತು ಅದರಿಂದಲೇ ಈ ಘಟನೆಯ ಒಂದೊಂದು ಹೆಜ್ಜೆಯೂ ಇಂದು ನಮಗೆ ಸಿಗುತ್ತಿದೆ. ಇಲ್ಲಿ ಯಾರ ಹೆಸರನ್ನೂ ಹೇಳಿಲ್ಲ. ಹೆಸರಿಲ್ಲದೆಯೂ ಪಾಠ ಕಡಿಮೆಯಾಗುವುದಿಲ್ಲ.

ಎಲೆಕ್ಟ್ರಾನಿಕ್ ಆರೋಗ್ಯ ದಾಖಲೆಯಲ್ಲಿ ವೈದ್ಯರ ನಿರ್ಧಾರಕ್ಕೆ ನೆರವಾಗುವ ಭಾಗವನ್ನು ಕ್ಲಿನಿಕಲ್ ಡಿಸಿಷನ್ ಸಪೋರ್ಟ್, ಚಿಕ್ಕದಾಗಿ ಸಿಡಿಎಸ್ ಎನ್ನುತ್ತಾರೆ. ಸಿಡಿಎಸ್ ಎಂದರೆ ಬಹಳ ಜನರ ಕಣ್ಣಿಗೆ ಬರುವುದು ಪರದೆಯ ಮೇಲೆ ಧುತ್ತೆಂದು ತೆರೆಯುವ ಎಚ್ಚರಿಕೆಯ ಪೆಟ್ಟಿಗೆ. ಈ ಪ್ರಕರಣವನ್ನೂ ಸಾಮಾನ್ಯವಾಗಿ ‘ಎಚ್ಚರಿಕೆಯನ್ನು ಕಡೆಗಣಿಸಿದ ಪ್ರಕರಣ’ ಎಂದೇ ಹೇಳುತ್ತಾರೆ. ಅದು ಅರ್ಧ ಮಾತು. ಆರ್ಡರ್ ಫಾರ್ಮ್‌ನಲ್ಲಿ ಮೊದಲೇ ತುಂಬಿಟ್ಟಿರುವ ಏಕಮಾನ, ಡೋಸ್‌ನ ತಾನಾಗಿ ಆಗುವ ಲೆಕ್ಕ, ಮಾತ್ರೆಯ ಬಲಕ್ಕೆ ಹೊಂದಿಸುವ ನಿಯಮ, ಇವೂ ನಿರ್ಧಾರಕ್ಕೆ ಕೊಡುವ ನೆರವೇ. ಎಚ್ಚರಿಕೆಯನ್ನು ವೈದ್ಯರು ಓದಿ ಒಪ್ಪಬಹುದು, ಬಿಡಬಹುದು. ಮೊದಲೇ ತುಂಬಿರುವ ಏಕಮಾನವನ್ನು ಯಾರೂ ಓದುವುದೇ ಇಲ್ಲ, ಅದು ತಾನಾಗಿ ಜಾರಿಯಾಗುತ್ತದೆ. ಆ ರಾತ್ರಿ ಹುಡುಗನನ್ನು ಅಪಾಯಕ್ಕೆ ನೂಕಿದ್ದು ಈ ಎರಡನೆಯ ಬಗೆಯ ನೆರವು.

ಹಿನ್ನೆಲೆ

ಹುಡುಗನಿಗೆ ಅಪರೂಪದ ಆನುವಂಶಿಕ ಕಾಯಿಲೆ. ರೋಗನಿರೋಧಕ ಶಕ್ತಿ ಕುಂದಿದ್ದರಿಂದ ಸೋಂಕುಗಳು ಬೆನ್ನು ಬಿಡುತ್ತಿರಲಿಲ್ಲ. ಕರುಳಿನ ತೊಂದರೆಯ ತಪಾಸಣೆಗೆ ಕೊಲೊನೊಸ್ಕೋಪಿ ಮಾಡಲು ದಾಖಲಾಗಿದ್ದ. ವಯಸ್ಸಿಗೆ ತಕ್ಕ ಬೆಳವಣಿಗೆ ಇರಲಿಲ್ಲ, ತೂಕ 38.6 ಕೆ.ಜಿ. ಮನೆಯಲ್ಲಿ ಸುಮಾರು 15 ಔಷಧಗಳನ್ನು ತೆಗೆದುಕೊಳ್ಳುತ್ತಿದ್ದ. ಅವುಗಳಲ್ಲಿ ಒಂದು, ಚರ್ಮದ ಸೋಂಕು ಬಾರದಂತೆ ಕೊಡುತ್ತಿದ್ದ ಟ್ರೈಮೆಥೊಪ್ರಿಮ್ ಮತ್ತು ಸಲ್ಫಮೆಥಾಕ್ಸಜೋಲ್‌ಗಳ ಜೋಡಿ ಮಾತ್ರೆ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸೆಪ್ಟ್ರಾನ್ ಎಂದು ಸಿಗುವುದು ಇದೇ ಜೋಡಿ. ಡಿಎಸ್, ಅಂದರೆ ಡಬಲ್ ಸ್ಟ್ರೆಂತ್ ಮಾತ್ರೆಯಲ್ಲಿ ಟ್ರೈಮೆಥೊಪ್ರಿಮ್ 160 ಮಿ.ಗ್ರಾಂ, ಸಲ್ಫಮೆಥಾಕ್ಸಜೋಲ್ 800 ಮಿ.ಗ್ರಾಂ ಇರುತ್ತದೆ. ಮಕ್ಕಳಿಗೆ ಡೋಸ್ ಲೆಕ್ಕ ಹಾಕುವುದು ಟ್ರೈಮೆಥೊಪ್ರಿಮ್‌ನ ಮೇಲೆ. ಹುಡುಗ ಮನೆಯಲ್ಲಿ ದಿನಕ್ಕೆ ಎರಡು ಸಲ ಒಂದೊಂದು ಡಿಎಸ್ ಮಾತ್ರೆ ನುಂಗುತ್ತಿದ್ದ. ಅದರಲ್ಲಿ ಯಾವ ಗೊಂದಲವೂ ಇರಲಿಲ್ಲ.

ಆಸ್ಪತ್ರೆಯ ಕಂಪ್ಯೂಟರ್ ವ್ಯವಸ್ಥೆ ಹೊಸದು, ಬಂದು ಸುಮಾರು ಒಂದು ವರ್ಷವಾಗಿತ್ತಷ್ಟೆ. 2009ರಲ್ಲಿ ಅಮೆರಿಕ ಸರ್ಕಾರ ಆಸ್ಪತ್ರೆಗಳಿಗೆ ದಾಖಲೆಗಳನ್ನು ಎಲೆಕ್ಟ್ರಾನಿಕ್ ಮಾಡಲು ಪ್ರೋತ್ಸಾಹಧನದ ಕಾನೂನು ತಂದ ಮೇಲೆ ಇಡೀ ದೇಶವೇ ಕಾಗದದಿಂದ ಪರದೆಗೆ ಓಡುತ್ತಿದ್ದ ಕಾಲ ಅದು. ಈ ಆಸ್ಪತ್ರೆಯಲ್ಲಿ ಕೊಂಡಿಗಳೆಲ್ಲ ಕೂಡಿಕೊಂಡಿದ್ದವು: ವೈದ್ಯರು ಪರದೆಯಲ್ಲಿ ಆರ್ಡರ್ ಹಾಕುತ್ತಾರೆ, ಫಾರ್ಮಸಿಸ್ಟ್ ಪರದೆಯಲ್ಲೇ ಒಪ್ಪಿಗೆ ಕೊಡುತ್ತಾರೆ, ರೋಬಾಟ್ ಮಾತ್ರೆಗಳನ್ನು ಎಣಿಸಿ ಪೊಟ್ಟಣ ಕಟ್ಟುತ್ತದೆ, ನರ್ಸ್ ರೋಗಿಯ ಕೈಪಟ್ಟಿಯ ಬಾರ್‌ಕೋಡ್ ಮತ್ತು ಪೊಟ್ಟಣದ ಬಾರ್‌ಕೋಡ್ ಎರಡನ್ನೂ ಸ್ಕ್ಯಾನ್ ಮಾಡಿ ಕೊಡುತ್ತಾರೆ. ಓದಲಾಗದ ಕೈಬರಹ, ತಪ್ಪು ರೋಗಿ, ತಪ್ಪು ಔಷಧದಂಥ ಹಳೆಯ ತಪ್ಪುಗಳನ್ನು ಇಂಥ ಸರಪಳಿ ನಿಜವಾಗಿಯೂ ಕಡಿಮೆ ಮಾಡುತ್ತದೆ. ಅದನ್ನು ಅಲ್ಲಗಳೆಯುವಂತಿಲ್ಲ.

ಘಟನೆಗೆ ಬಹಳ ಮೊದಲೇ, ತಂತ್ರಾಂಶ ಹೊಂದಿಸುವ ಸಭೆಗಳಲ್ಲಿ ನಾಲ್ಕು ನಿರ್ಧಾರಗಳು ಆಗಿಹೋಗಿದ್ದವು.

40 ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳಿಗೆ ಡೋಸ್ ತೂಕದ ಲೆಕ್ಕದಲ್ಲೇ ಇರಬೇಕು ಎಂಬುದು ಮೊದಲನೆಯದು. ಸರಿಯಾದ ಕಾಳಜಿ. ಮಕ್ಕಳ ವಿಭಾಗದಲ್ಲಿ ಅತಿ ಹೆಚ್ಚು ತಪ್ಪಾಗುವುದು ಡೋಸ್‌ನಲ್ಲೇ. ಎರಡನೆಯದು, ಅಂಥ ಮಕ್ಕಳ ಆರ್ಡರ್ ತೆರೆದರೆ ಏಕಮಾನದ ಜಾಗದಲ್ಲಿ ‘ಮಿ.ಗ್ರಾಂ/ಕೆ.ಜಿ.’ ಎಂದು ಮೊದಲೇ ತುಂಬಿರಬೇಕು, ಬೇಕಾದವರು ‘ಮಿ.ಗ್ರಾಂ’ಗೆ ಬದಲಿಸಿಕೊಳ್ಳಲಿ. ಮೊದಲ ನಿಯಮ ಒಪ್ಪಿದ ಮೇಲೆ ಇದು ಸಹಜವಾಗಿ ಬಂದದ್ದು. ಮೂರನೆಯದು, ಲೆಕ್ಕದಿಂದ ಬಂದ ಡೋಸ್‌ಗೂ ಸಿಗುವ ಮಾತ್ರೆಯ ಬಲಕ್ಕೂ 5 ಪರ್ಸೆಂಟ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಫಾರ್ಮಸಿಸ್ಟ್ ತಾವೇ ಹೊಂದಿಸಿಕೊಳ್ಳುವಂತಿಲ್ಲ, ವೈದ್ಯರಿಗೆ ತಿಳಿಸಿ ಹೊಸ ಆರ್ಡರ್ ಬರೆಸಬೇಕು. ಜವಾಬ್ದಾರಿ ಯಾರದೆಂದು ಸ್ಪಷ್ಟವಿರಲಿ ಎಂಬ ಉದ್ದೇಶ. ನಾಲ್ಕನೆಯದು, ಡೋಸ್‌ಗೆ ದಾಟಲಾಗದ ಮೇಲ್ಮಿತಿ ಬೇಡ. ಅಪರೂಪದ ಕಾಯಿಲೆಯವರೂ ಸಂಶೋಧನಾ ಚಿಕಿತ್ಸೆಯಲ್ಲಿರುವವರೂ ಬರುವ ಆಸ್ಪತ್ರೆ ಅದು. ಪಠ್ಯಪುಸ್ತಕದ ಮಿತಿಗಿಂತ ಹೆಚ್ಚು ಬೇಕಾದ ರೋಗಿಗೆ ಕಂಪ್ಯೂಟರ್ ಅಡ್ಡ ನಿಲ್ಲಬಾರದು ಎಂದುಕೊಂಡರು.

ನಾಲ್ಕನ್ನೂ ಬೇರೆಬೇರೆಯಾಗಿ ಓದಿದರೆ ಯಾವ ಸಮಿತಿಯೂ ತಲೆಯಾಡಿಸುತ್ತದೆ. ನಾಲ್ಕೂ ಒಂದೇ ಆರ್ಡರ್‌ನಲ್ಲಿ ಸೇರಿದರೆ ಏನಾಗುತ್ತದೆ ಎಂದು ಯಾರೂ ನಡೆಸಿ ನೋಡಿರಲಿಲ್ಲ.

ಆ ದಿನದ ಆರ್ಡರ್

ದಾಖಲಾದ ದಿನ ರೆಸಿಡೆಂಟ್, ಅಂದರೆ ಇನ್ನೂ ತಜ್ಞ ತರಬೇತಿಯಲ್ಲಿರುವ ವೈದ್ಯರು ಹುಡುಗನ ಮನೆಯ ಔಷಧಗಳನ್ನೆಲ್ಲ ಒಂದೊಂದಾಗಿ ಪರದೆಗೆ ಏರಿಸಿದರು. ಈ ಮಾತ್ರೆಯ ಸರದಿ ಬಂದಾಗ ತೂಕ 40ಕ್ಕೆ 1.4 ಕೆ.ಜಿ. ಕಡಿಮೆ ಇದ್ದುದರಿಂದ ‘ಒಂದು ಮಾತ್ರೆ, ದಿನಕ್ಕೆ ಎರಡು ಸಲ’ ಎಂದು ಬರೆಯುವ ದಾರಿ ಇರಲಿಲ್ಲ. ತೂಕದ ಲೆಕ್ಕದಲ್ಲಿ 5 ಮಿ.ಗ್ರಾಂ/ಕೆ.ಜಿ. ಎಂದು ಹಾಕಿದರು. 38.6ನ್ನು 5ರಿಂದ ಗುಣಿಸಿದರೆ 193 ಮಿ.ಗ್ರಾಂ. ಅಷ್ಟು ಬಲದ ಮಾತ್ರೆ ಇಲ್ಲ, ಹತ್ತಿರದ್ದು 160ರದ್ದು. ಕಂಪ್ಯೂಟರ್ ತಾನೇ ಅದಕ್ಕೆ ಹೊಂದಿಸಿ ಒಂದು ಡಿಎಸ್ ಮಾತ್ರೆ ಎಂದು ಸೂಚಿಸಿತು. ವೈದ್ಯರು ಒಪ್ಪಿದರು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಈ ಮೊದಲ ಆರ್ಡರ್ ಸರಿಯಾಗಿಯೇ ಇತ್ತು. ಮನೆಯಲ್ಲಿ ನುಂಗುತ್ತಿದ್ದ ಅದೇ ಒಂದು ಮಾತ್ರೆ. ಹಾಗೇ ಮುಂದೆ ಹೋಗಿದ್ದರೆ ಬರೆಯುವಂಥದ್ದು ಏನೂ ನಡೆಯುತ್ತಿರಲಿಲ್ಲ.

ಆದರೆ 193ಕ್ಕೂ 160ಕ್ಕೂ ಇರುವ ಅಂತರ ಸುಮಾರು 17 ಪರ್ಸೆಂಟ್. 5 ಪರ್ಸೆಂಟ್‌ನ ನಿಯಮ ಎದ್ದು ನಿಂತಿತು. ಫಾರ್ಮಸಿಸ್ಟ್ ನಿಯಮದಂತೆ ವೈದ್ಯರಿಗೆ ಸಂದೇಶ ಕಳಿಸಿದರು: ಡೋಸ್ 5 ಪರ್ಸೆಂಟ್‌ಗಿಂತ ಹೆಚ್ಚು ಹೊಂದಾಣಿಕೆಯಾಗಿದೆ, ಸರಿಯಾದ ಡೋಸ್ 160 ಮಿ.ಗ್ರಾಂ, ಮತ್ತೆ ಆರ್ಡರ್ ಮಾಡಿ. ಸುರಕ್ಷತೆಗೆಂದು ಮಾಡಿದ ನಿಯಮವೊಂದು ಸುರಕ್ಷಿತವಾಗಿದ್ದ ಆರ್ಡರನ್ನು ಹಿಂದಕ್ಕೆ ಕಳಿಸಿತು.

ವೈದ್ಯರು ಆರ್ಡರ್ ತೆರೆದರು. ಮನಸ್ಸಿನಲ್ಲಿದ್ದದ್ದು ‘160 ಮಿ.ಗ್ರಾಂ’. ಡೋಸ್‌ನ ಜಾಗದಲ್ಲಿ 160 ಎಂದು ಒತ್ತಿದರು. ಪಕ್ಕದ ಏಕಮಾನದ ಜಾಗದಲ್ಲಿ ‘ಮಿ.ಗ್ರಾಂ/ಕೆ.ಜಿ.’ ಹಾಗೆಯೇ ಕೂತಿತ್ತು. ಅದನ್ನು ‘ಮಿ.ಗ್ರಾಂ’ಗೆ ಬದಲಿಸಬೇಕಿತ್ತು, ಬದಲಿಸಲಿಲ್ಲ. ಈಗ ಕಂಪ್ಯೂಟರ್ ತನಗೆ ಹೇಳಿಕೊಟ್ಟ ಲೆಕ್ಕ ಮಾಡಿತು: ಒಂದು ಕೆ.ಜಿ.ಗೆ 160ರಂತೆ 38.6 ಕೆ.ಜಿ.ಗೆ 6,176 ಮಿ.ಗ್ರಾಂ. ಅದನ್ನು 160ರ ಮಾತ್ರೆಗಳಿಗೆ ಹೊಂದಿಸಿದಾಗ 38.6 ಮಾತ್ರೆ, ಅರ್ಧ ಮಾತ್ರೆಯ ಲೆಕ್ಕಕ್ಕೆ ಇಳಿಸಿದರೆ 38.5. ಒಟ್ಟು 6,160 ಮಿ.ಗ್ರಾಂ ಟ್ರೈಮೆಥೊಪ್ರಿಮ್. ಜೊತೆಗೆ ಬರುವ ಸಲ್ಫಮೆಥಾಕ್ಸಜೋಲ್ 30 ಗ್ರಾಂಗೂ ಮಿಕ್ಕಿ.

ಈ ಸಲದ ಹೊಂದಾಣಿಕೆ ಮಾತ್ರ 5 ಪರ್ಸೆಂಟ್‌ನ ಒಳಗೇ ಇತ್ತು ಎಂಬುದನ್ನು ಗಮನಿಸಿ. 6,176ರಿಂದ 6,160ಕ್ಕೆ ಕಾಲು ಪರ್ಸೆಂಟ್ ವ್ಯತ್ಯಾಸ. ಆ ನಿಯಮದ ಕಣ್ಣಿಗೆ ಒಂದು ಮಾತ್ರೆಯ ಆರ್ಡರ್ ತಪ್ಪು, ಮೂವತ್ತೆಂಟೂವರೆಯದು ಸರಿ.

ಸಹಿ ಹಾಕುವಾಗ ಎಚ್ಚರಿಕೆಯ ಪೆಟ್ಟಿಗೆ ತೆರೆಯಿತು. ರೆಸಿಡೆಂಟ್ ಅದನ್ನು ದಾಟಿದರು. ಎಚ್ಚರಿಕೆಗಳನ್ನು ದಾಟಿ ಮುಂದೆ ಹೋಗುವುದು ಹಿರಿಯರಿಂದ ಕಿರಿಯರಿಗೆ ಬಂದ ವಾಡಿಕೆಯಾಗಿತ್ತು. ಆರ್ಡರ್ ಫಾರ್ಮಸಿಗೆ ಬಂತು. ಅಲ್ಲಿಯೂ ಎಚ್ಚರಿಕೆ ತೆರೆಯಿತು. ಫಾರ್ಮಸಿಸ್ಟ್ ತಾವೇ ಬರೆಸಿದ ಆರ್ಡರ್ ಅದು, ನಿರೀಕ್ಷಿಸಿದ್ದ 160 ಎಂಬ ಅಂಕಿ ಕಣ್ಣೆದುರೇ ಇತ್ತು. ನೋಡಬೇಕೆಂದುಕೊಂಡದ್ದು ಕಂಡ ಮೇಲೆ ಕಣ್ಣು ಮುಂದಕ್ಕೆ ಹೋಗುವುದಿಲ್ಲ. ಫೋನುಗಳು, ಬೇರೆ ಆರ್ಡರ್‌ಗಳು ನಡುವೆ. ಅವರೂ ದಾಟಿದರು.

ರೋಬಾಟ್‌ಗೆ ಅನುಮಾನ ಬರುವುದಿಲ್ಲ. ಕೈಯಲ್ಲಿ ಮಾತ್ರೆ ಎಣಿಸುವ ಸಹಾಯಕನೊಬ್ಬನಿದ್ದಿದ್ದರೆ ಹತ್ತು ದಾಟುವಾಗಲೇ ಕೈ ತಡೆದು ಕೇಳುತ್ತಿದ್ದ. ರೋಬಾಟ್ ಎಣಿಸಿ, ಪೊಟ್ಟಣ ಕಟ್ಟಿ, ಬಾರ್‌ಕೋಡ್ ಅಂಟಿಸಿ ಕಳಿಸಿತು.

ಆ ರಾತ್ರಿ ಹುಡುಗನನ್ನು ನೋಡಿಕೊಳ್ಳುತ್ತಿದ್ದ ನರ್ಸ್ ಆ ವಾರ್ಡಿನವರಲ್ಲ, ಬೇರೆ ವಿಭಾಗದಿಂದ ಆ ಪಾಳಿಗೆಂದು ಬಂದವರು. ಪೊಟ್ಟಣದ ರಾಶಿ ನೋಡಿ ಅವರಿಗೆ ಆಶ್ಚರ್ಯವಾಯಿತು. ಮೂವರಲ್ಲಿ ಅನುಮಾನಪಟ್ಟವರು ಅವರೊಬ್ಬರೇ. ಆದರೆ ಉತ್ತರಗಳೂ ಹೊಳೆದವು: ಕಾಯಿಲೆ ಅಪರೂಪದ್ದು, ಡೋಸೂ ಅಪರೂಪದ್ದಿರಬಹುದು. ವೈದ್ಯರು ಬರೆದಿದ್ದಾರೆ, ಫಾರ್ಮಸಿ ಒಪ್ಪಿದೆ. ಕೊನೆಗೆ ಸ್ಕ್ಯಾನರ್ ಹಿಡಿದರು. ಪರದೆ ಸರಿ ಎಂದಿತು. ನಿಜಕ್ಕೂ ಅದು ಸರಿಯೇ ಹೇಳಿತ್ತು. ಬಾರ್‌ಕೋಡ್ ಉತ್ತರಿಸುವುದು ‘ಆರ್ಡರ್‌ನಲ್ಲಿ ಇರುವುದು ಇದೇನಾ’ ಎಂಬ ಪ್ರಶ್ನೆಗೆ. ‘ಆರ್ಡರ್ ಸರಿ ಇದೆಯಾ’ ಎಂಬ ಪ್ರಶ್ನೆಯನ್ನು ಅದಕ್ಕೆ ಯಾರೂ ಕಲಿಸಿಲ್ಲ. ಬಗೆಬಗೆಯ ಔಷಧಗಳಿಗೆ ಒಗ್ಗಿದ್ದ ಹುಡುಗ ಅಷ್ಟನ್ನೂ ನುಂಗಿದ.

ಮುಂದೆ ನಡೆದದ್ದು

ರಾತ್ರಿಯೇ ಮೈಯೆಲ್ಲ ಜುಮುಜುಮು, ಮರಗಟ್ಟಿದಂತೆ ಆಗುತ್ತಿದೆ ಎಂದ. ಏಕೆಂದು ಹುಡುಕುತ್ತಾ ಔಷಧದ ದಾಖಲೆ ತೆರೆದಾಗ ಮಾತ್ರೆಯ ಎಣಿಕೆ ಕಣ್ಣಿಗೆ ಬಿತ್ತು. ವಿಷ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡಿದರು. ಇಷ್ಟು ದೊಡ್ಡ ಪ್ರಮಾಣದ ಹಿಂದಿನ ಅನುಭವ ಅವರ ಬಳಿಯೂ ಇರಲಿಲ್ಲ. ನಿಗಾ ಇಟ್ಟು ಕಾಯುವುದೊಂದೇ ಉಳಿದದ್ದು. ಬೆಳಗಿನ ಜಾವ ಹುಡುಗನಿಗೆ ಇಡೀ ಮೈ ಸೆಟೆಯುವ ದೊಡ್ಡ ಫಿಟ್ಸ್ ಬಂತು, ಉಸಿರು ನಿಂತಿತು. ತುರ್ತು ತಂಡ ಓಡಿ ಬಂದು ಉಸಿರಾಟ ಮರಳಿಸಿತು, ತೀವ್ರ ನಿಗಾ ಘಟಕಕ್ಕೆ ಒಯ್ದರು. ಹುಡುಗ ಬದುಕುಳಿದ, ಚೇತರಿಸಿಕೊಂಡು ಮನೆಗೆ ಹೋದ.

ಆಸ್ಪತ್ರೆ ತಪ್ಪನ್ನು ಕುಟುಂಬದ ಮುಂದೆ ಒಪ್ಪಿಕೊಂಡಿತು, ಮೂಲ ಕಾರಣದ ತನಿಖೆ ನಡೆಸಿತು. ಎಚ್ಚರಿಕೆಗಳನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡು ಬೇಡದ್ದನ್ನು ಕಿತ್ತುಹಾಕುವ ಕೆಲಸವನ್ನು ಸಮಿತಿಯೊಂದು ಕೈಗೆತ್ತಿಕೊಂಡಿತು. ಹೊಲದಲ್ಲಿ ಕಳೆ ಕೀಳುವ ಹಾಗೆ ಬಗ್ಗಿ, ಬೇರು ನೋಡಿ ಕೀಳುವ ಕೆಲಸ ಅದು. ಒಂದೇ ದಿನ ಎಲ್ಲವನ್ನೂ ಆಫ್ ಮಾಡಿಬಿಡುವ ಗುಂಡಿ ಇರುವುದಿಲ್ಲ.

ಎಚ್ಚರಿಕೆ ಏಕೆ ಕೇಳಿಸಲಿಲ್ಲ

ಆ ಆಸ್ಪತ್ರೆಯಲ್ಲಿ ತಿಂಗಳಿಗೆ ಸುಮಾರು 3.5 ಲಕ್ಷ ಔಷಧ ಆರ್ಡರ್‌ಗಳು. ಹತ್ತಿರಹತ್ತಿರ ಅರ್ಧದಷ್ಟಕ್ಕೆ ಫಾರ್ಮಸಿಸ್ಟ್‌ಗೆ ಎಚ್ಚರಿಕೆ ತೆರೆಯುತ್ತಿತ್ತು. ಎರಡು ಆರ್ಡರ್‌ಗೆ ಒಂದು ಎಚ್ಚರಿಕೆ ಬಂದರೆ ಎಚ್ಚರಿಕೆ ಎಂಬ ಪದಕ್ಕೇ ಅರ್ಥ ಉಳಿಯುವುದಿಲ್ಲ. ಇದು ಆ ಒಂದು ಆಸ್ಪತ್ರೆಯ ಕಥೆಯಲ್ಲ. ಔಷಧ ಸುರಕ್ಷತೆಯ ಎಚ್ಚರಿಕೆಗಳಲ್ಲಿ 49ರಿಂದ 96 ಪರ್ಸೆಂಟ್‌ವರೆಗೆ ವೈದ್ಯರು ದಾಟಿ ಹೋಗುತ್ತಾರೆ ಎಂದು 2006ರಲ್ಲೇ ಹಲವು ಅಧ್ಯಯನಗಳನ್ನು ಒಟ್ಟುಮಾಡಿದ ಸಮೀಕ್ಷೆಯೊಂದು ತೋರಿಸಿತ್ತು.

ಇಷ್ಟೊಂದು ಎಚ್ಚರಿಕೆ ಎಲ್ಲಿಂದ ಬರುತ್ತವೆ? ಆಸ್ಪತ್ರೆಗಳು ಔಷಧದ ನಿಯಮಗಳನ್ನು ತಾವೇ ಬರೆಯುವುದು ಕಡಿಮೆ, ಸಿದ್ಧ ದತ್ತಸಂಚಯವನ್ನು ಕೊಳ್ಳುತ್ತವೆ. ಅದನ್ನು ಮಾರುವ ಸಂಸ್ಥೆಗೆ ಒಂದು ಅಪಾಯವನ್ನು ಬಿಟ್ಟರೆ ಮೊಕದ್ದಮೆಯ ಭಯ, ನೂರು ಅನಗತ್ಯ ಎಚ್ಚರಿಕೆ ಸೇರಿಸಿದರೆ ಯಾವ ನಷ್ಟವೂ ಇಲ್ಲ. ಆಸ್ಪತ್ರೆಯ ಸಮಿತಿಗೂ ಹಾಗೆಯೇ: ಒಂದು ಎಚ್ಚರಿಕೆಯನ್ನು ಆಫ್ ಮಾಡಿದ ಮರುದಿನ ಅದೇ ಕಾರಣಕ್ಕೆ ಯಾರಿಗಾದರೂ ಏನಾದರೂ ಆದರೆ ಸಹಿ ಹಾಕಿದವರೇ ಸಿಕ್ಕಿಬೀಳುತ್ತಾರೆ. ಆನ್ ಮಾಡುವುದು ಸುಲಭ, ಆಫ್ ಮಾಡಲು ಎದೆಗಾರಿಕೆ ಬೇಕು.

ಸಂಖ್ಯೆಗಿಂತಲೂ ನನ್ನನ್ನು ಹೆಚ್ಚು ಕಾಡುವುದು ಆ ಎಚ್ಚರಿಕೆಯ ರೂಪ. ಮಿತಿಯನ್ನು ಚೂರೇ ದಾಟಿದ ಡೋಸ್‌ಗೆ ಬರುವ ಪೆಟ್ಟಿಗೆಯೂ ಮೂವತ್ತೆಂಟೂವರೆ ಪಟ್ಟು ದಾಟಿದ ಡೋಸ್‌ಗೆ ಬರುವ ಪೆಟ್ಟಿಗೆಯೂ ನೋಡಲು ಒಂದೇ. ಅದೇ ಬಣ್ಣ, ಅದೇ ಅಕ್ಷರ, ದಾಟಲು ಅದೇ ಗುಂಡಿ. ಅಂಕಿಗಳು ಸಾಲುಸಾಲು ಅಕ್ಷರಗಳ ನಡುವೆ ಹುದುಗಿದ್ದವು. ಅತ್ಯಂತ ಮುಖ್ಯವಾದ ಮಾತು, ಅಂದರೆ ಎಷ್ಟು ಪಟ್ಟು ಮತ್ತು ಎಷ್ಟು ಮಾತ್ರೆ ಎಂಬುದು, ಕಣ್ಣಿಗೆ ಹೊಡೆಯುವ ಹಾಗೆ ಎಲ್ಲೂ ಇರಲಿಲ್ಲ. ಎಚ್ಚರಿಕೆ ಸತ್ಯವನ್ನೇ ಹೇಳಿತು, ಆದರೆ ದಿನವೂ ನೂರಾರು ಸಲ ಕೇಳುವ ಅದೇ ದನಿಯಲ್ಲಿ ಹೇಳಿತು. ಅದನ್ನು ದಾಟಿದವರನ್ನು ಅಜಾಗರೂಕರು ಎಂದು ಕರೆಯುವುದು ಅನ್ಯಾಯ.

ಬೇರೆ ಎಲ್ಲಿ ಏನು ಮಾಡಬಹುದಿತ್ತು

ತಿರುವುಗಳನ್ನು ಹಿಂದಿನಿಂದ ಮುಂದಕ್ಕೆ ನೋಡಿದರೆ ಎಚ್ಚರಿಕೆಗೂ ಮೊದಲೇ ಸರಿಪಡಿಸಬಹುದಾದ ಜಾಗಗಳು ಸಿಗುತ್ತವೆ, ಮತ್ತು ಅವೇ ಅಗ್ಗ.

ಏಕಮಾನವನ್ನೇ ಮೊದಲು ನೋಡೋಣ. ಒಂದೇ ಜಾಗದಲ್ಲಿ ಕೆಲವೊಮ್ಮೆ ‘ಮಿ.ಗ್ರಾಂ/ಕೆ.ಜಿ.’, ಕೆಲವೊಮ್ಮೆ ‘ಮಿ.ಗ್ರಾಂ’ ಇರುವ ಫಾರ್ಮ್ ಎಂದಾದರೊಂದು ದಿನ ತಪ್ಪು ಮಾಡಿಸಿಯೇ ತೀರುತ್ತದೆ. ಮನುಷ್ಯ ಅಂಕಿಯನ್ನು ಬೆರಳಿನಿಂದ ಒತ್ತುತ್ತಾನೆ, ಏಕಮಾನವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾನೆ. ಎರಡು ಏಕಮಾನಗಳಿಗೂ ಬೇರೆಬೇರೆ ಸಾಲು ಕೊಡುವುದು, ಸಹಿಗೆ ಮೊದಲು ‘ಒಂದು ಸಲಕ್ಕೆ ಡಿಎಸ್ ಮಾತ್ರೆ 38½’ ಎಂದು ವಾರ್ಡಿನ ಭಾಷೆಯಲ್ಲಿ ದೊಡ್ಡದಾಗಿ ತೋರಿಸುವುದು ಒಳ್ಳೆಯ ದಾರಿ. ಮಿಲಿಗ್ರಾಂನ ಅಂಕಿ ಕಣ್ಣಿಗೆ ಜಾರುತ್ತದೆ. ಮಾತ್ರೆಯ ಎಣಿಕೆ ಜಾರುವುದಿಲ್ಲ. ಆ ರಾತ್ರಿ ತಪ್ಪು ಪತ್ತೆಯಾದದ್ದೂ ಎಣಿಕೆಯಿಂದಲೇ.

ತೂಕದ ಲೆಕ್ಕಕ್ಕೆ ದೊಡ್ಡವರ ಡೋಸ್‌ನ ಮೇಲ್ಗಡಿ ಇರಬೇಕು ಎಂಬುದು ಮಕ್ಕಳ ಫಾರ್ಮಸಿಯ ಹಳೆಯ ತತ್ತ್ವ. ಪ್ರತಿ ಕೆ.ಜಿ.ಗೆ ಇಷ್ಟು ಎಂದು ಗುಣಿಸುತ್ತಾ ಹೋದರೂ ವಯಸ್ಕರ ಗರಿಷ್ಠ ಡೋಸ್ ಮುಟ್ಟಿದಲ್ಲಿ ನಿಲ್ಲಬೇಕು. ಜೊತೆಗೆ ‘ಮಿ.ಗ್ರಾಂ/ಕೆ.ಜಿ.’ ಜಾಗಕ್ಕೆ ಔಷಧವಾರು ಒಪ್ಪುವ ಅಂಕಿಗಳ ವ್ಯಾಪ್ತಿ ಬರೆದಿಡಬಹುದು. 5 ಇರಬೇಕಾದ ಕಡೆ 160 ಬಂದರೆ ಅದು ಡೋಸ್‌ನ ಬಗೆಗಿನ ಭಿನ್ನಾಭಿಪ್ರಾಯವಲ್ಲ, ಏಕಮಾನದ ಗೊಂದಲ. ಆಗ ಪರದೆ ಕೇಳಬೇಕಾದ ಪ್ರಶ್ನೆಯೂ ಬೇರೆ: ‘ನೀವು ಹೇಳಿದ್ದು ಒಟ್ಟು 160 ಮಿ.ಗ್ರಾಂ ಎಂದೇ?’ ಹೌದು ಎಂದು ಒತ್ತಿದರೆ ಸರಿಯಾದ ಆರ್ಡರ್ ತಾನೇ ತುಂಬಿಕೊಳ್ಳಬೇಕು. ತಪ್ಪನ್ನು ತೋರಿಸಿ ಸುಮ್ಮನಾಗುವ ಎಚ್ಚರಿಕೆಗಿಂತ ಸರಿಯಾದದ್ದನ್ನು ಒಂದೇ ಒತ್ತಿಗೆ ಕೈಗಿಡುವ ಎಚ್ಚರಿಕೆಯನ್ನು ಜನ ಹೆಚ್ಚು ಒಪ್ಪುತ್ತಾರೆ.

5 ಪರ್ಸೆಂಟ್‌ನ ನಿಯಮಕ್ಕೆ ಔಷಧದ ಗುಣ ನೋಡಿ ವಿನಾಯಿತಿ ಬೇಕಿತ್ತು. ಡಿಜಾಕ್ಸಿನ್‌ನಂಥ, ಸ್ವಲ್ಪ ಹೆಚ್ಚಾದರೂ ವಿಷವಾಗುವ ಔಷಧಕ್ಕೆ ಬಿಗಿ ನಿಯಮ ಸರಿ. ಸೋಂಕು ತಡೆಗೆ ಕೊಡುವ ಈ ಮಾತ್ರೆಗೆ 193 ಮತ್ತು 160ರ ನಡುವಿನ ಅಂತರದಿಂದ ರೋಗಿಗೆ ಏನೂ ಆಗುವುದಿಲ್ಲ. ಇಂಥ ಔಷಧಗಳಲ್ಲಿ ಫಾರ್ಮಸಿಸ್ಟ್ ತಾವೇ ಹೊಂದಿಸಿ ವೈದ್ಯರಿಗೆ ಮಾಹಿತಿ ಕೊಟ್ಟರೆ ಸಾಕು. ಆರ್ಡರ್ ಒಂದು ಕೈಯಿಂದ ಇನ್ನೊಂದು ಕೈಗೆ ಹಿಂದಿರುಗಿದಷ್ಟೂ ಹೊಸ ತಪ್ಪಿಗೆ ಹೊಸ ಬಾಗಿಲು ತೆರೆಯುತ್ತದೆ.

ಹಾಗಾದರೆ ದಾಟಲಾಗದ ತಡೆ, ಅಂದರೆ ಹಾರ್ಡ್ ಸ್ಟಾಪ್ ಹಾಕಿಬಿಟ್ಟರೆ ಮುಗಿಯಿತೇ? ಇಲ್ಲಿ ಅವಸರ ಬೇಡ. ಇದೇ ಔಷಧದ ಮೇಲೆಯೇ ಇನ್ನೊಂದು ಪರೀಕ್ಷೆ ನಡೆದಿತ್ತು. ಇದನ್ನು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಜೊತೆ ಕೊಟ್ಟರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಅಮೆರಿಕದ ಎರಡು ಬೋಧನಾ ಆಸ್ಪತ್ರೆಗಳಲ್ಲಿ ಈ ಜೋಡಿಗೆ ಬಹುತೇಕ ದಾಟಲಾಗದ ತಡೆ ಹಾಕಿ, ಯಾದೃಚ್ಛಿಕವಾಗಿ ಗುಂಪು ಮಾಡಿದ ವೈದ್ಯರಲ್ಲಿ ನೋಡಿದರು. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ತಡೆ ಇದ್ದ ಗುಂಪಿನಲ್ಲಿ 57.2 ಪರ್ಸೆಂಟ್ ಸಲ ವೈದ್ಯರು ಆ ಜೋಡಿಯನ್ನು ಕೈಬಿಟ್ಟರು, ಇಲ್ಲದ ಗುಂಪಿನಲ್ಲಿ 13.5 ಪರ್ಸೆಂಟ್ ಮಾತ್ರ. ಎಚ್ಚರಿಕೆಯಾಗಿ ಇದು ದೊಡ್ಡ ಗೆಲುವು. ಆದರೂ ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಿದರು: ನಾಲ್ವರು ರೋಗಿಗಳಿಗೆ ನಿಜಕ್ಕೂ ಬೇಕಾಗಿದ್ದ ಔಷಧ ತಡವಾಗಿತ್ತು. ನಾಲ್ಕನೆಯ ನಿರ್ಧಾರ ಮಾಡಿದವರ ಭಯ ಸುಳ್ಳಲ್ಲ.

ಹಾಗಾಗಿ ತಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಬೇಕು. ಗರಿಷ್ಠ ಡೋಸ್‌ಗಿಂತ ಸ್ವಲ್ಪ ಹೆಚ್ಚಿದ್ದರೆ ಪೆಟ್ಟಿಗೆ ತೆರೆಯುವುದೇ ಬೇಡ, ಡೋಸ್‌ನ ಪಕ್ಕ ಬಣ್ಣದ ಸೂಚನೆ ಸಾಕು. ಎರಡು ಪಟ್ಟಿನ ಸುಮಾರಿಗೆ ಕಾರಣ ಬರೆದು ದಾಟುವ ಎಚ್ಚರಿಕೆ. ಹತ್ತು ಪಟ್ಟಿನ ಆಸುಪಾಸಿಗೆ ಒಬ್ಬರಿಂದ ದಾಟಲಾಗದ ತಡೆ: ಬೇಕೇ ಬೇಕೆಂದರೆ ಎರಡನೆಯ ಫಾರ್ಮಸಿಸ್ಟ್ ಅಥವಾ ಹಿರಿಯ ವೈದ್ಯರು ತಮ್ಮ ಲಾಗಿನ್‌ನಿಂದ ತೆರೆಯಲಿ. ಹತ್ತೇ ಏಕೆಂದರೆ ದಶಾಂಶ ಬಿಂದು ಜಾರಿದಾಗ ಹತ್ತು ಪಟ್ಟು, ಗ್ರಾಂ-ಮಿಲಿಗ್ರಾಂ ಅದಲುಬದಲಾದರೆ ಸಾವಿರ ಪಟ್ಟು, ಕೆ.ಜಿ. ಗುಣಾಕಾರದ ತಪ್ಪಿಗೆ ಮಗುವಿನ ತೂಕದಷ್ಟು ಪಟ್ಟು ಹೆಚ್ಚುತ್ತದೆ. ಈ ಮೂರು ತಪ್ಪುಗಳಿಗೂ ತಮ್ಮದೇ ಗುರುತಿದೆ, ಗುರುತಿರುವ ತಪ್ಪನ್ನು ಹಿಡಿಯುವುದು ಕಷ್ಟವಲ್ಲ. ಆದರೆ ಎರಡು ತಿಂಗಳ ಕೂಸಿಗೆ ಆ ಮೂರನೆಯ ತಪ್ಪು ನಾಲ್ಕೈದು ಪಟ್ಟಿನಲ್ಲೇ ನಿಂತು ಹತ್ತರ ಜಾಲರಿಯಿಂದ ನುಣುಚಿಕೊಳ್ಳುತ್ತದೆ. ಶಿಶುಗಳಿಗೆ ಮಿತಿಯನ್ನು ಇನ್ನೂ ಕೆಳಗೆ ಇಡಬೇಕು. ಸಂಶೋಧನಾ ಚಿಕಿತ್ಸೆಯವರಿಗೆ ಪ್ರತ್ಯೇಕ ಆರ್ಡರ್ ಪಟ್ಟಿ ಕೊಟ್ಟರೆ ಅವರಿಗಾಗಿ ಇಡೀ ಆಸ್ಪತ್ರೆಯ ತಡೆ ತೆಗೆಯುವ ಪ್ರಮೇಯ ಬರುವುದಿಲ್ಲ.

ರೋಬಾಟ್‌ಗೂ ಸ್ಕ್ಯಾನರ್‌ಗೂ ಒಂದು ಸಣ್ಣ ಪ್ರಶ್ನೆ ಕಲಿಸಬಹುದು: ಒಂದು ಸಲಕ್ಕೆ ಇಷ್ಟಕ್ಕಿಂತ ಹೆಚ್ಚು ಮಾತ್ರೆ, ಇಷ್ಟಕ್ಕಿಂತ ಹೆಚ್ಚು ವಯಲ್ ಬಂದರೆ ನಿಲ್ಲು. ಇದಕ್ಕೆ ಔಷಧಶಾಸ್ತ್ರದ ಜ್ಞಾನ ಬೇಡ, ಎಣಿಕೆ ಬಂದರೆ ಸಾಕು. ಐದು ಮಾತ್ರೆ ದಾಟುವ ಡೋಸ್ ಬೆರಳೆಣಿಕೆಯ ಔಷಧಗಳಿಗೆ ಮಾತ್ರ ಇರುತ್ತದೆ, ಅವನ್ನು ಪಟ್ಟಿ ಮಾಡಿ ಹೊರಗಿಡಬಹುದು. ಮತ್ತು ಅನುಮಾನ ಬಂದ ನರ್ಸ್‌ಗೆ ಕೇಳಲು ಒಬ್ಬರು ಬೇಕು. ತಮ್ಮದಲ್ಲದ ವಾರ್ಡಿನಲ್ಲಿ, ರಾತ್ರಿ ಪಾಳಿಯಲ್ಲಿ, ಯಾರನ್ನು ಎಬ್ಬಿಸಿ ಕೇಳಲಿ ಎಂಬ ಸಂಕೋಚವನ್ನು ಯಾವ ತಂತ್ರಾಂಶವೂ ನೀಗಿಸದು. ‘ಅನುಮಾನವಿದ್ದರೆ ಈ ನಂಬರಿಗೆ, ಎಷ್ಟೇ ಹೊತ್ತಾಗಿರಲಿ’ ಎಂಬ ಒಂದು ಫೋನ್ ನಂಬರ್ ಮಾತ್ರೆ ಕೊಡುವ ಪರದೆಯ ಮೇಲೆಯೇ ಇರಬೇಕು.

ನಮ್ಮ ವಾರ್ಡುಗಳಿಗೆ ಇದು ಮುಟ್ಟುವುದು

ಭಾರತದಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್‌ನಲ್ಲಿ ದೇಶಾದ್ಯಂತ ಶುರುವಾದ ಮೇಲೆ ಆಸ್ಪತ್ರೆಗಳು ಒಂದೊಂದಾಗಿ ಪರದೆಗೆ ಬರುತ್ತಿವೆ. ನಮ್ಮ ಮಕ್ಕಳ ವಾರ್ಡುಗಳಲ್ಲಿ ಏಕಮಾನದ ಗೊಂದಲಕ್ಕೆ ಇನ್ನೂ ಒಂದು ಪದರ ಇದೆ, ಅದು ಸಿರಪ್. ಪ್ಯಾರಸಿಟಮಾಲ್ ಒಂದನ್ನೇ ತೆಗೆದುಕೊಳ್ಳಿ: 5 ಎಂಎಲ್‌ಗೆ 120 ಮಿ.ಗ್ರಾಂನದ್ದು ಒಂದು, 250 ಮಿ.ಗ್ರಾಂನದ್ದು ಇನ್ನೊಂದು, 1 ಎಂಎಲ್‌ಗೇ 100 ಮಿ.ಗ್ರಾಂ ಇರುವ ಡ್ರಾಪ್ಸ್ ಮತ್ತೊಂದು. 10 ಕೆ.ಜಿ. ಮಗುವಿಗೆ 15 ಮಿ.ಗ್ರಾಂ/ಕೆ.ಜಿ. ಲೆಕ್ಕದಲ್ಲಿ 150 ಮಿ.ಗ್ರಾಂ ಬೇಕು. ಮೊದಲನೆಯದರಲ್ಲಿ ಅದು ಸುಮಾರು 6 ಎಂಎಲ್, ಎರಡನೆಯದರಲ್ಲಿ 3, ಡ್ರಾಪ್ಸ್‌ನಲ್ಲಿ ಒಂದೂವರೆ. ‘5’ ಎಂಬ ಅಂಕಿ ಮಿ.ಗ್ರಾಂ/ಕೆ.ಜಿ.ಯೋ, ಎಂಎಲ್ಲೋ, ಒಂದು ಸಲದ್ದೋ, ಇಡೀ ದಿನದ್ದೋ ಎಂಬುದು ಸ್ಪಷ್ಟವಿಲ್ಲದ ಫಾರ್ಮನ್ನು ತಂತ್ರಾಂಶದವರು ತಂದಿಟ್ಟರೆ ಅದನ್ನು ಒಪ್ಪಬಾರದು. ತೂಕದ ಜಾಗವನ್ನೂ ನೋಡಬೇಕು. ಕಳೆದ ವರ್ಷದ ತೂಕವನ್ನೇ ಇಟ್ಟುಕೊಂಡು ಲೆಕ್ಕ ಹಾಕುವ ಪರದೆ ಕೈಬರಹದ ಚೀಟಿಗಿಂತ ಅಪಾಯಕಾರಿ, ಯಾಕೆಂದರೆ ಅದರ ಲೆಕ್ಕವನ್ನು ಯಾರೂ ಮರುಪ್ರಶ್ನಿಸುವುದಿಲ್ಲ.

ಹೊಸ ನಿಯಮವನ್ನು ಆನ್ ಮಾಡುವ ಮೊದಲು ಕೆಲವು ವಾರ ತೆರೆಯ ಹಿಂದೆ ಓಡಿಸಿ ನೋಡಬಹುದು. ಪೆಟ್ಟಿಗೆ ಯಾರಿಗೂ ಕಾಣುವುದಿಲ್ಲ, ಎಷ್ಟು ಸಲ ತೆರೆಯುತ್ತಿತ್ತು ಎಂಬ ಎಣಿಕೆ ಮಾತ್ರ ಸಿಗುತ್ತದೆ. ನೂರು ಸಲದಲ್ಲಿ ತೊಂಬತ್ತು ಸಲ ಫಾರ್ಮಸಿಸ್ಟ್‌ಗಳೇ ಬೇಡವೆಂದರೆ ಆ ನಿಯಮ ವಾರ್ಡಿಗೆ ಹೋಗಬಾರದು. ಆನ್ ಆದ ಮೇಲೂ ತಿಂಗಳಿಗೊಮ್ಮೆ ಯಾವ ಎಚ್ಚರಿಕೆಯನ್ನು ಎಷ್ಟು ಮಂದಿ ದಾಟಿದರು ಎಂಬ ಪಟ್ಟಿ ತೆಗೆದು ಮೇಲಿನ ಹತ್ತನ್ನು ಚರ್ಚಿಸಬೇಕು. ಸಮಿತಿಯಲ್ಲಿ ರಾತ್ರಿ ಪಾಳಿಯ ಒಬ್ಬ ನರ್ಸ್ ಮತ್ತು ಒಬ್ಬ ರೆಸಿಡೆಂಟ್ ಕಡ್ಡಾಯವಾಗಿ ಇರಲಿ.

ಇನ್ನು ಪರೀಕ್ಷೆ. ಕೃತಕ ರೋಗಿಗಳನ್ನು ಸೃಷ್ಟಿಸಿ ಬೇಕೆಂದೇ ತಪ್ಪು ಆರ್ಡರ್ ಹಾಕಿ ನೋಡುವ ಪದ್ಧತಿ ಅಮೆರಿಕದಲ್ಲಿದೆ. ಲೀಪ್‌ಫ್ರಾಗ್ ಗ್ರೂಪ್ ಎಂಬ ಸಂಸ್ಥೆ ಆಸ್ಪತ್ರೆಗಳಿಗೆ ಇಂಥ ಪರೀಕ್ಷೆ ಕೊಡುತ್ತದೆ. ಅದನ್ನು ಮಾಡಲು ದೊಡ್ಡ ಸಂಸ್ಥೆಯೇ ಬೇಕಿಲ್ಲ. ತರಬೇತಿಗೆಂದು ಇಟ್ಟಿರುವ ಪರದೆಯಲ್ಲಿ 38.6 ಕೆ.ಜಿ. ತೂಕದ ಒಬ್ಬ ಹುಡುಗನನ್ನು ದಾಖಲಿಸಿ, ಈ ಮಾತ್ರೆಯ ಆರ್ಡರ್ ತೆರೆದು, ಏಕಮಾನ ಮುಟ್ಟದೆ 160 ಎಂದು ಒತ್ತಿ. ಸಹಿಯ ಗುಂಡಿಯವರೆಗೆ ಹೋಗಿ. ಪರದೆ ಏನು ಹೇಳಿತು, ಯಾವ ಬಣ್ಣದಲ್ಲಿ ಹೇಳಿತು, ದಾಟಲು ಎಷ್ಟು ಒತ್ತು ಬೇಕಾಯಿತು ಎಂದು ಬರೆದುಕೊಳ್ಳಿ. ಆಮೇಲೆ ಅದೇ ಆರ್ಡರನ್ನು ಫಾರ್ಮಸಿಯ ಪರದೆಯಲ್ಲಿ, ನರ್ಸ್‌ನ ಪರದೆಯಲ್ಲಿ ತೆರೆದು ನೋಡಿ. ಒಟ್ಟು ಇಪ್ಪತ್ತು ನಿಮಿಷದ ಕೆಲಸ, ತಂತ್ರಾಂಶದ ಪ್ರತಿ ಅಪ್‌ಡೇಟ್ ಆದ ಮೇಲೆ ಮತ್ತೊಮ್ಮೆ ಮಾಡಬೇಕಾದ್ದು.